ಹದಿನೇಳರ ಮುಕ್ಕಾಲು

ತುಪ್ಪದಲ್ಲಿ ಅಂಟು ಕರಿಯುವ ವಾಸನೆ ಬಂದರೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಸೀನು ಬಂದ ಹಾಗಾಗುತ್ತದೆ. ಇದನ್ನೊಂದು ರೋಗ ಎಂದುಕೊಂಡರೆ ಗೋಕಾಕದಲ್ಲಿ ಇದಕ್ಕೆ ಪಥ್ಯವಿಲ್ಲ, ಅಲ್ಲಿ ಓಣಿ ಓಣಿಗೂ ಕರದಂಟಿನ ಒಲೆ. ಮೊನ್ನೆ ನನ್ನ ಸಾಲೆಯ ಹುಡುಗರನ್ನು ಮುಲ್ಕಿ ಪರೀಕ್ಷೆಗೆ ಕೂಡಿಸಲು ಆ ಊರಿಗೆ ಕರೆದುಕೊಂಡು ಹೋಗಿದ್ದೆ. ಪರೀಕ್ಷೆ ನಡೆಯುವ ಸಾಲೆಯ ಹಿತ್ತಿಲಿಗೆ ಹೊಂದಿಕೊಂಡು ಕರದಂಟು ಮಾಡುವವರ ಮನೆಯೊಂದಿದೆ. ನಾನು ಪರೀಕ್ಷೆಗೆ ಕೂತ ವರ್ಷವೂ ಇತ್ತು. ಅಂಗಳದಲ್ಲಿ ಕಾಲಿಡುವಷ್ಟರಲ್ಲಿ ವಾಸನೆ ಬಂತು, ನನ್ನ ಕೈ ತಾನಾಗಿ ಮೂಗಿಗೆ ಹೋಯಿತು. ಹಿಂದೆ ಬರುತ್ತಿದ್ದ ಹುಡುಗರಲ್ಲಿ ಮಾರುತಿ ಎಂಬೊಬ್ಬ ಅದನ್ನು ಹಾಗೆಯೇ ಮಾಡಿ ತೋರಿಸಿ ಉಳಿದವರನ್ನು ನಗಿಸಿದ. ನಾನು ನೋಡಲಿಲ್ಲ ಎಂದು ಅವನ ಲೆಕ್ಕ. ಊರವರನ್ನೆಲ್ಲ ಅಣಕಿಸಿಯೇ ದೊಡ್ಡವನಾದ ನನಗೆ ಇಂಥವನ್ನು ನೋಡಲು ತಿರುಗುವ ಅಗತ್ಯವಿಲ್ಲ.

ದೊಡ್ಡವನಾದ ಎಂದದ್ದು ಸ್ವಲ್ಪ ಹೆಚ್ಚಾಯಿತು. ಮೀಸೆ ಇನ್ನೂ ಬರಬೇಕೋ ಬೇಡವೋ ಎಂದು ಯೋಚನೆ ಮಾಡುತ್ತಿದೆ. ಯಾರಾದರೂ ‘ಮಾಸ್ತರ’ ಎಂದು ಕರೆದರೆ ನಾನೇ ಹಿಂದೆ ತಿರುಗಿ, ಯಾವ ಮಾಸ್ತರ ಬಂದರು ಎಂದು ನೋಡುತ್ತೇನೆ. ಆದರೂ ಆ ವಾಸನೆ ಬಂದಾಗ ನನಗೆ ನೆನಪಾಗುವುದು ಒಂದೇ ವರ್ಷ, ಅದೂ ಒಂದು ಚಳಿಗಾಲದಿಂದ ಬೇಸಿಗೆಯವರೆಗೆ. ಆ ವರ್ಷ ಗಣಿತದಲ್ಲಿ ಪಾಸಾಗುವ ಉಪಾಯವನ್ನು ಕಂಡಕಂಡವರೆಲ್ಲ ನನಗೆ ಹೇಳಿಕೊಟ್ಟರು. ಒಬ್ಬರ ಉಪಾಯ ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. ನಾನು ಎಲ್ಲವನ್ನೂ ಕಲಿತೆ. ಅದೇ ಎಡವಟ್ಟಾಯಿತು.

ನಮ್ಮ ಮನೆ ಮೂಡಲಗಿಯಲ್ಲಿ. ಅಪ್ಪ ಅಲ್ಲಿಯ ದನದ ಸಂತೆಯಲ್ಲಿ ದಲಾಲ. ಎಮ್ಮೆ ಕೊಳ್ಳುವವನು ಒಂದು ಕಡೆ, ಮಾರುವವನು ಒಂದು ಕಡೆ, ನಡುವೆ ಅಪ್ಪ. ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಹಿಡಿದು ವ್ಯವಹಾರ ಮುಗಿಸುತ್ತಿದ್ದರು. ಬಾಜೂ ನಿಂತವನಿಗೂ ದರ ತಿಳಿಯಬಾರದು, ಆದ್ದರಿಂದ ಬಾಯಿ ಬಿಡುವಂತಿಲ್ಲ. ಅಪ್ಪನಿಗೆ ಆ ಅಭ್ಯಾಸ ಮನೆಯೊಳಗೂ ಬಂದಿತ್ತು. ಊಟಕ್ಕೆ ಕೂತರೆ ಎಷ್ಟು ರೊಟ್ಟಿ ಬೇಕೆಂಬುದನ್ನೂ ಬೆರಳಲ್ಲೇ ತೋರಿಸುತ್ತಿದ್ದರು. ಅಂಥವರ ಹೊಟ್ಟೆಯಲ್ಲಿ ನಾನು ಹುಟ್ಟಿದ್ದೆ: ಪಾತ್ರೆ ಮಾರುವವನ ಹಾಗೆ ಕೂಗುವವನು, ಮಠದ ಅಯ್ಯನವರ ಹಾಗೆ ಆಶೀರ್ವಾದ ಮಾಡುವವನು, ಅವ್ವನ ಧ್ವನಿಯಲ್ಲಿ ಅವ್ವನನ್ನೇ ಬೈಯುವವನು.

ಮುಲ್ಕಿ ಎಂದರೆ ಕನ್ನಡ ಸಾಲೆಯ ಏಳನೆಯ ಇಯತ್ತೆಯ ಪರೀಕ್ಷೆ. ಅದನ್ನು ಪಾಸಾದವನು ಮಾಸ್ತರನಾಗಬಹುದು. ನಾನು ಒಮ್ಮೆ ಕೂತು ಗಣಿತದಲ್ಲಿ ಬಿದ್ದಿದ್ದೆ. ಮೂಡಲಗಿಯ ನಮ್ಮ ಮಾಸ್ತರರ ಉಪಾಯ ಏನೆಂದರೆ, ಕಠಿಣ ಲೆಕ್ಕ ಮೊದಲು ಮಾಡಬೇಕು. “ತಲಿ ತಾಜಾ ಇದ್ದಾಗ ದೊಡ್ಡ ಕಲ್ಲು ಎತ್ತರಲೇ, ಸಣ್ಣ ಹರಳು ಆಮ್ಯಾಲ ಆರಿಸಾಕ ಬರತೈತಿ” ಎನ್ನುತ್ತಿದ್ದರು. ನಾನು ಕಲ್ಲು ಎತ್ತಲು ಹೋದೆ. ಒಂದು ತೊಟ್ಟಿ, ನೀರು ತುಂಬುವ ಎರಡು ನಳ, ಖಾಲಿ ಮಾಡುವ ಒಂದು ನಳ. ಕೊನೆಯ ಗಂಟೆ ಹೊಡೆದಾಗಲೂ ನನ್ನ ತೊಟ್ಟಿ ತುಂಬಿರಲಿಲ್ಲ.

ಫಲಿತಾಂಶ ಬಂದ ದಿನ ಅಪ್ಪ ವಸ್ತ್ರವನ್ನು ಹೆಗಲಿಂದ ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಅವರು ಬಾಯಿಂದ ಮಾತಾಡುತ್ತಾರೆ ಎಂಬುದರ ಗುರುತು ಅದು.

“ಬಾಳ್ಯಾ, ಇನ್ನೊಂದ ವರ್ಷ ನೋಡತೇನಿ. ಹುಕ್ಕೇರ್ಯಾಗ ನಿಮ್ಮ ಆಯಿ ಮನ್ಯಾಗ ಇರು. ಅಲ್ಲಿ ಚೌಗಲಾ ಮಾಸ್ತರ ಕೈಯಾಗ ಕಲತಾವ್ರು ಗಣಿತದಾಗ ಬಿದ್ದದ್ದಿಲ್ಲಂತ. ಮತ್ತೂ ನಪಾಸಾದಿ ಅಂದ್ರ ಸಾಲಿ ಸಾಕು. ಬಂದು ನನ್ನ ವಸ್ತ್ರದ ಕೆಳಗ ಕೈ ಹಾಕು.”

“ಅಪ್ಪಾ, ಆ ಧಂದೆದಾಗ ಮಾತಾಡೂದ ಇಲ್ಲಲ್ಲ.”

“ಅದಕ್ಕ ಹೇಳಾಕತ್ತೇನಿ, ನಿನಗ ಛಲೋ ಆಗತೈತಿ.”

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಜೀವಮಾನವಿಡೀ ಎಮ್ಮೆಗಳ ನಡುವೆ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ನೆನೆಸಿಕೊಂಡೆ. ಎಮ್ಮೆಗಳಾದರೂ ಒಮ್ಮೊಮ್ಮೆ ಕೂಗುತ್ತವೆ.

ಹಾಗೆ ಮಳೆಗಾಲ ಮುಗಿದ ಮೇಲೆ ಹುಕ್ಕೇರಿಗೆ, ಅಜ್ಜಿಯ ಮನೆಗೆ ಬಂದೆ. ಚಳಿ ಶುರುವಾಗಿತ್ತು. ಸಂಕೇಶ್ವರದ ಕಡೆಯಿಂದ ಗಾಳಿ ಬೀಸಿದರೆ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಬೆಳಿಗ್ಗೆ ಕಬ್ಬಿನ ಗಾಣದ ಒಲೆಯ ಮುಂದೆ ಕೈ ಕಾಯಿಸಿಕೊಂಡು ಸಾಲೆಗೆ ಹೋಗುತ್ತಿದ್ದೆವು. ನನ್ನ ಬಾಜೂ ಕೂಡುವವನು ಲಗಮಣ್ಣ, ಹತ್ತರಗಿಯ ಕಡೆಯ ಕುರುಬರ ಮನೆಯವನು. ಎತ್ತರದ ಆಳು, ಮಾತು ಕಡಿಮೆ. ಅವನನ್ನು ಅಣಕಿಸಲು ನೋಡಿದೆ, ಆಗಲಿಲ್ಲ. ಸುಮ್ಮನಿರುವವನನ್ನು ಅಣಕಿಸುವುದೆಂದರೆ ನಾನೂ ಸುಮ್ಮನಿರಬೇಕು, ಅದು ನನ್ನಿಂದ ಆಗದ ಕೆಲಸ.

ಚೌಗಲಾ ಮಾಸ್ತರು ಗಿಡ್ಡ ಆಳು, ದೊಡ್ಡ ರುಮಾಲು. ದೂರದಿಂದ ಬರುವಾಗ ರುಮಾಲೇ ನಡೆದು ಬಂದ ಹಾಗೆ ಕಾಣುತ್ತಿತ್ತು. ಆದರೆ ಧ್ವನಿ ಎಂಥದು. ಊರ ಹೊರಗಿನ ಗುಮ್ಮಟದ ನೆರಳಿಗೆ ಒಮ್ಮೊಮ್ಮೆ ನಮ್ಮನ್ನು ಕರೆದೊಯ್ಯುತ್ತಿದ್ದರು. ಅಲ್ಲಿ ಅವರು ಒಂದು ಮಾತು ಅಂದರೆ ಗುಮ್ಮಟ ಅದನ್ನೇ ತಿರುಗಿ ಅಂದು, ಹೌದು ಹೌದು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಅವರ ಉಪಾಯ ಮೂಡಲಗಿಯದಕ್ಕೆ ಪೂರಾ ಉಲ್ಟಾ. “ಸರಳ ಲೆಕ್ಕ ಮೊದಲ. ಮತ್ತ ಒಂದ ಮಾತು ನೆನಪಿಡ್ರಿ, ಪರೀಕ್ಷಾದಾಗ ವಿಚಾರ ಮಾಡಬ್ಯಾಡ್ರಿ. ವಿಚಾರ ಮಾಡಾಕ ಹ್ವಾದಾಂವ ಅಲ್ಲೇ ಕುಂತ ಬಿಡ್ತಾನ. ಮಗ್ಗಿ ಬಾಯಾಗ ಇರಬೇಕು. ಲೆಕ್ಕ ಕಣ್ಣಿಗೆ ಬೀಳೂದಕ್ಕ ಬಾಯಿ ಉತ್ತರಾ ಉಗಳಬೇಕು.”

ನಾನು ಕೈ ಎತ್ತಿದೆ. “ಮಾಸ್ತರ, ಮೂಡಲಗ್ಯಾಗ ಕಠಿಣ ಮೊದಲ ಅಂತಾರ್ರಿ.”

“ಮೂಡಲಗ್ಯಾಗ ನೀ ಏನಾದಿ?”

“ಬಿದ್ದೇನ್ರಿ.”

“ಹಂಗಾದ್ರ ಕುಂದರು.”

ಮಗ್ಗಿ ಎಂದರೆ ಎರಡರಿಂದ ಮೂವತ್ತರವರೆಗೆ ಎಂದುಕೊಂಡರೆ ತಪ್ಪು. ಆಗ ಕಾಲಿನ ಮಗ್ಗಿ, ಅರ್ಧದ ಮಗ್ಗಿ, ಮುಕ್ಕಾಲಿನ ಮಗ್ಗಿ, ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿ, ಇವೆಲ್ಲ ಬಾಯಿಪಾಠವಾಗಬೇಕಿತ್ತು. ಸಂಜೆ ಸಾಲೆ ಬಿಡುವ ಮುಂಚೆ ಮಾಸ್ತರು ಒಂದೊಂದು ಸಾಲು ಹೇಳುವುದು, ನಾವೆಲ್ಲ ಅದನ್ನೇ ರಾಗವಾಗಿ ತಿರುಗಿ ಒದರುವುದು. ನನಗೆ ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹನ್ನೊಂದರ ಮುಕ್ಕಾಲು ಎಷ್ಟು ಎಂದು ಕೇಳಿದರೆ ಹನ್ನೊಂದೂ ಮುಕ್ಕಾಲೂ ಕೈ ಹಿಡಿದುಕೊಂಡು ಎಲ್ಲಿಗೋ ಓಡಿಹೋಗುತ್ತಿದ್ದವು.

ಒಂದು ಸಂಜೆ ಮಾಸ್ತರು ಹೊರಗೆ ಯಾರೊಂದಿಗೋ ಮಾತಿಗೆ ನಿಂತಿದ್ದರು. ನಾನು ಅಂಗವಸ್ತ್ರ ತಲೆಗೆ ಸುತ್ತಿ, ಅವರ ಕುರ್ಚಿಯ ಮುಂದೆ ನಿಂತು, ಹೊಟ್ಟೆ ಮುಂದೆ ಮಾಡಿ ಅವರ ಧ್ವನಿಯಲ್ಲಿ ಮುಕ್ಕಾಲಿನ ಮಗ್ಗಿ ಶುರು ಮಾಡಿದೆ. ಹುಡುಗರು ನಗುತ್ತ ನಗುತ್ತ ಒದರಿದರು. ಆಶ್ಚರ್ಯವೆಂದರೆ ಒಂದು ಕಡೆಯೂ ನಾನು ತಡವರಿಸಲಿಲ್ಲ. ಒಂಬತ್ತರ ಮುಕ್ಕಾಲು ಆರೂಮುಕ್ಕಾಲು, ಹತ್ತರ ಮುಕ್ಕಾಲು ಏಳೂವರೆ, ನೀರಿನ ಹಾಗೆ ಬಂತು. ಬಾಳಪ್ಪನಿಗೆ ಬಾರದ್ದು ಚೌಗಲಾ ಮಾಸ್ತರರಿಗೆ ಬರುವುದರಲ್ಲಿ ವಿಶೇಷವೇನು, ಆದರೆ ಆ ಚೌಗಲಾ ಮಾಸ್ತರ ನಾನೇ ಆಗಿದ್ದೆನಲ್ಲ. ಇದರ ಅರ್ಥ ನನಗೆ ಆಗಲೂ ಆಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ರುಮಾಲು.

“ಯಾಕ ನಿಲ್ಲಿಸಿದಿ?” ಎಂದರು ಮಾಸ್ತರು. “ಹೊರಗ ನಿಂತು ಕೇಳಾಕತ್ತಿದ್ದೆ. ಒಳಗ ಯಾರೋ ಛಲೋ ಕಲಸಾಕತ್ತಾರ ಅನಿಸ್ತು.”

ನಾನು ಕೈ ಮುಂದೆ ಚಾಚಿದೆ, ಛಡಿ ಏಟಿಗೆ. ಅವರು ಹೊಡೆಯಲಿಲ್ಲ. “ನಾಳಿಂದ ಸಂಜಿ ಮಗ್ಗಿ ನೀನ ಹೇಳಸು. ನನ್ನ ಧ್ವನ್ಯಾಗ ಹೇಳಸು, ನಿನ್ನ ಧ್ವನಿಗೆ ಇವ್ರು ಅಂಜೂದಿಲ್ಲ.”

ಹೀಗೆ ನಾನು ಹುಕ್ಕೇರಿಯ ಎರಡನೆಯ ಚೌಗಲಾ ಮಾಸ್ತರನಾದೆ. ಅವರ ನಡಿಗೆ, ಅವರ ಗಂಟಲು, ಛಡಿಯನ್ನು ಅಂಗೈಗೆ ಬಡಿದುಕೊಳ್ಳುವ ರೀತಿ, ಒಂದನ್ನೂ ಬಿಡಲಿಲ್ಲ. ಅವರ ಸೀನನ್ನೂ ಬಿಡಲಿಲ್ಲ.

ಸೀನಿನ ವಿಷಯ ಹೇಳಬೇಕು. ಮಾಸ್ತರರಿಗೆ ನಶ್ಯದ ಚಟ. ಅರ್ಧದ ಮಗ್ಗಿ ಮುಗಿದು ಮುಕ್ಕಾಲಿನದು ಶುರುವಾಗುವ ನಡುವೆ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸುತ್ತಿದ್ದರು. ಅದು ಒಳಗೆ ಹೋಗಿ ತನ್ನ ಕೆಲಸ ಮಾಡಲು ಹಿಡಿಯುವ ವೇಳೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಹದಿನೈದಕ್ಕೆ ಮೂಗು ಕೆಂಪಗೆ, ಹದಿನಾರಕ್ಕೆ ಕಣ್ಣಲ್ಲಿ ನೀರು. “ಹದಿನಾರರ ಮುಕ್ಕಾಲು ಹನ್ನೆರಡು. ಹದಿನೇಳರ ಮುಕ್ಕಾಲು... ಹಾಕ್ಷೀ. ಹದಿನೆಂಟರ ಮುಕ್ಕಾಲು ಹದಿಮೂರೂವರೆ.” ಹಳೆಯ ಹುಡುಗರು ಆ ಗದ್ದಲದಲ್ಲಿ ಏನೋ ಒಂದು ಒದರಿ ದಾಟಿಸುತ್ತಿದ್ದರು. ನಾನು ನಕಲು ಮಾಡುವವನು, ನಕಲು ಎಂದ ಮೇಲೆ ಪಕ್ಕಾ ಇರಬೇಕು. ನನ್ನ ಮಗ್ಗಿಯಲ್ಲೂ ಹದಿನೇಳಕ್ಕೆ ಸೀನು. ಮೊದಲ ದಿನ ಹುಡುಗರು ಬಿದ್ದು ಬಿದ್ದು ನಕ್ಕರು. ಆಮೇಲೆ ಆಮೇಲೆ ನಗು ಹೋಯಿತು, ಸೀನು ಉಳಿಯಿತು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಇಡೀ ಇಯತ್ತೆ ಒಂದೇ ಧ್ವನಿಯಲ್ಲಿ, ಭಕ್ತಿಯಿಂದ, ರಾಗ ತಪ್ಪದೆ ಹೇಳುತ್ತಿತ್ತು: ಹದಿನೇಳರ ಮುಕ್ಕಾಲು ಹಾಕ್ಷೀ.

ಮಾಸ್ತರು ಹೊರಗೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಅವರಿಗೂ ಏನೂ ಅನಿಸಲಿಲ್ಲ. ಅವರ ಕಿವಿಗೆ ಅದು ಸರಿಯಾದ ಮಗ್ಗಿ.

ಬಿಸಿಲು ಏರಿತು. ಗಾಣಗಳು ನಿಂತವು. ಪರೀಕ್ಷೆಗೆ ನಾವೆಲ್ಲ ಮೋಟಾರು ಹಿಡಿದು ಗೋಕಾಕಕ್ಕೆ ಬಂದೆವು. ಮಾಸ್ತರು ಉಳಿದ ಹುಡುಗರ ಜೊತೆ ಮಠದಲ್ಲಿ ಇಳಿದರು. ನಾನೂ ಲಗಮಣ್ಣನೂ ಅಪ್ಪನ ಗೆಳೆಯ ಪರಸು ಕಾಕಾನ ಮನೆಯಲ್ಲಿ. ಕಾಕಾ ಕಟ್ಟಿಗೆಯ ಹಣ್ಣು ಮಾಡುವವನು. ಮಾವು, ಪೇರಲ, ಬಾಳೆ, ಸೀತಾಫಲ, ಎಲ್ಲಕ್ಕೂ ಬಣ್ಣ ಬಳಿದು ಪಡಸಾಲೆಯಲ್ಲಿ ಸಾಲಾಗಿ ಒಣಗಿಸಿದ್ದ. ಗುಡ್ಡದ ಬಂಡೆಗಳ ಕಾವು ಸಂಜೆಯಾದರೂ ಇಳಿದಿರಲಿಲ್ಲ. ಲಗಮಣ್ಣ ಬಾಯಾರಿ ಬಂದವನು ಒಂದು ಪೇರಲಕ್ಕೆ ಕೈ ಹಾಕಿ ಕಚ್ಚಿಯೇ ಬಿಟ್ಟ.

“ಹೆಂಗೈತಿ ರುಚಿ?” ಎಂದ ಕಾಕಾ, ತಲೆ ಎತ್ತದೆ.

“ಬಣ್ಣ ಹಸಿ ಐತ್ರಿ,” ಎಂದ ಲಗಮಣ್ಣ, ಅಷ್ಟೇ ಗಂಭೀರವಾಗಿ. ಅವನ ಹಲ್ಲು ಪರೀಕ್ಷೆಯ ದಿನವೂ ಹಸಿರಾಗಿದ್ದವು.

ಊಟಕ್ಕೆ ಕೂತಾಗ ಕಾಕಾ ತನ್ನ ಉಪಾಯ ಹೇಳಿದ. ಅವನು ಸಾಲೆಗೆ ಹೋದವನಲ್ಲ, ಹಾಗಾಗಿ ಪರೀಕ್ಷೆಯ ಬಗ್ಗೆ ಅವನಿಗೆ ಯಾವ ಸಂಶಯವೂ ಇರಲಿಲ್ಲ. “ನೋಡ್ರಪಾ, ಈ ಮಾವಿನಹಣ್ಣು ಖರೆ ಹಣ್ಣಲ್ಲ. ಆದ್ರ ಜನಾ ಖರೇ ಅಂತ ಕೈ ಹಾಕ್ತಾರ. ಲೆಕ್ಕಾನೂ ಹಂಗ. ಪೇಪರ ನೋಡಾವ್ರು ಎಷ್ಟಂತ ನೋಡ್ತಾರ? ಗೆರಿ ನೀಟ ಹೊಡೀರಿ, ಅಂಕಿ ದುಂಡಗ ಬರೀರಿ. ಉತ್ತರಾ ಖರೆ ಇರಬೇಕು ಅಂತೇನಿಲ್ಲ, ಖರೆ ಕಾಣಬೇಕು.”

“ಮತ್ತ ಕಠಿಣ ಮೊದಲೋ, ಸರಳ ಮೊದಲೋ, ಕಾಕಾ?”

“ಚಂದ ಕಾಣೂದು ಮೊದಲ.”

ನಾನು ಕೈ ತೊಳೆದು ಮಲಗಿದೆ. ತಲೆಯೊಳಗೆ ಮೂರು ಮಂದಿ ಹಿರಿಯರು ಒಂದೇ ಕಂಬಳಿ ಎಳೆದಾಡುತ್ತಿದ್ದರು.

ಮರುದಿನ ಗಣಿತದ ಪೇಪರು. ಗೋಡೆಯ ಮೇಲೆ ದೊರೆಯ ಪಟ, ಅದರ ಕೆಳಗೆ ಸುಪರವೈಜರ ಸಾಹೇಬರು. ಬೆಳಗಾವಿಯಿಂದ ಬಂದವರು, ಕರಿ ಕೋಟು, ಕನ್ನಡಕ, ನಮ್ಮ ಯಾರ ಗುರುತೂ ಅವರಿಗಿಲ್ಲ. ಕಿಟಕಿಯಿಂದ ಅಂಟು ಕರಿಯುವ ವಾಸನೆ. ಹುಕ್ಕೇರಿಯವರು ನಾವು ಒಂದೇ ಸಾಲಿನಲ್ಲಿ ಕೂತಿದ್ದೆವು.

ಸರಳ ಲೆಕ್ಕಗಳನ್ನು ಮಾಸ್ತರರ ಧ್ವನಿಯಲ್ಲಿ, ಮನಸ್ಸಿನೊಳಗೇ ಗದರಿಸಿ ಗದರಿಸಿ ಮುಗಿಸಿದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ಜಮಖಾನದ ಲೆಕ್ಕ ಬಂತು. ಎಂಟೂವರೆ ಗಜ ಉದ್ದ, ಆರು ಗಜ ಅಗಲದ ಒಂದು ಕೋಣೆ. ಅದಕ್ಕೆ ಹಾಸಲು ಹದಿನೇಳು ಗಜ ಉದ್ದ, ಮುಕ್ಕಾಲು ಗಜ ಅಗಲದ ಜಮಖಾನದ ಪಟ್ಟಿಗಳು ಎಷ್ಟು ಬೇಕು? ಅದಕ್ಕೆ ಗುಣ, ಅಂದರೆ ಮಾರ್ಕು, ಬಹಳ ಇದ್ದವು, ಪಾಸು ನಪಾಸು ಅದರ ಮೇಲೇ ನಿಂತಿತ್ತು. ಕೋಣೆಯ ಲೆಕ್ಕ ಆಯಿತು, ಐವತ್ತೊಂದು ಚೌಕ ಗಜ. ಇನ್ನು ಒಂದು ಪಟ್ಟಿಯದು. ಹದಿನೇಳರ ಮುಕ್ಕಾಲು...

ಒಳಗಿನಿಂದ ಸೀನು ಬಂತು.

ನಾನು ತಲೆ ಕೊಡವಿ ಮತ್ತೆ ಒಂದರಿಂದ ಶುರು ಮಾಡಿದೆ. ಹದಿನಾರು ಹನ್ನೆರಡು, ಹದಿನೇಳು ಹಾಕ್ಷೀ. ಆ ಜಾಗದಲ್ಲಿ ಅಂಕಿಯೇ ಇಲ್ಲ, ಬರೀ ಒಂದು ಸೀನು ಕೂತುಬಿಟ್ಟಿದೆ. ಬಾಜೂ ನೋಡಿದೆ. ಲಗಮಣ್ಣ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದ, ನೋಡುನೋಡುತ್ತಿದ್ದಂತೆ ಅವನ ಕೈ ಮೂಗಿಗೆ ಹೋಯಿತು. ಅವನ ಮುಂದಿನವನ ಕೈಯೂ ಹೋಯಿತು. ಸಾಲಿನ ಕೊನೆಯಲ್ಲಿ ಒಬ್ಬ ಸಣ್ಣಗೆ ಹಾಕ್ಷೀ ಎಂದೇಬಿಟ್ಟ. ಹುಕ್ಕೇರಿಯ ಇಡೀ ಸಾಲು ಮೂಗು ಹಿಡಿದು ಕೂತಿತ್ತು.

ಸಾಹೇಬರು ಎದ್ದು ಬಂದರು. “ಏನಿದು ಸನ್ನೆ, ಖೂನ? ಮೂಗ ಮುಟ್ಟಿಗೊಂಡು ಉತ್ತರಾ ಹೇಳಾಕತ್ತೀರೇನು? ಪೇಪರ ಕಸಗೊಂಡು ಎಲ್ಲಾರನೂ ಹೊರಗ ಹಾಕಬೇಕಾಗತೈತಿ.” ಎಂದವರೇ ಲಗಮಣ್ಣನ ಪೇಪರಿಗೆ ಕೈ ಹಾಕಿದರು. ಲಗಮಣ್ಣ ಬಾಯಿ ತೆರೆದ, ಹಸಿರು ಹಲ್ಲು ಕಂಡವು. ಸಾಹೇಬರ ಸಂಶಯ ಇನ್ನೂ ಹೆಚ್ಚಾಯಿತು.

ನಾನು ಎದ್ದು ನಿಂತೆ. “ಸಾಹೇಬ್ರ, ಖೂನ ಅಲ್ರಿ. ಇದು ಮಗ್ಗಿರಿ.”

“ಮಗ್ಗ್ಯಾಗ ಮೂಗ ಎಲ್ಲಿಂದ ಬಂತು?”

“ನಮ್ಮ ಮಗ್ಗ್ಯಾಗ ಐತ್ರಿ.”

“ಹೇಳು ನೋಡೂಣು.”

ಕೋಣೆ ತುಂಬ ಹುಡುಗರು, ಮೇಲೆ ದೊರೆಯ ಪಟ. ನನ್ನ ಧ್ವನಿಯಲ್ಲಿ ಹೇಳಲು ಹೋದೆ, ಮೊದಲ ಸಾಲೇ ನೆನಪಾಗಲಿಲ್ಲ. ಕೊನೆಗೆ ಹೊಟ್ಟೆ ಮುಂದೆ ಮಾಡಿದೆ. ಚೌಗಲಾ ಮಾಸ್ತರು ಬಂದರು. “ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಹದಿನಾರರ ಮುಕ್ಕಾಲು ಹನ್ನೆರಡು. ಹದಿನೇಳರ ಮುಕ್ಕಾಲು, ಹಾಕ್ಷೀ. ಹದಿನೆಂಟರ ಮುಕ್ಕಾಲು ಹದಿಮೂರೂವರೆ.” ಸೀನಿನ ಹೊತ್ತಿಗೆ ಹುಕ್ಕೇರಿಯ ಸಾಲು ತಡೆಯಲಾರದೆ ನನ್ನ ಜೊತೆಗೇ ಸೀನಿತು.

ಕೋಣೆ ನಕ್ಕಿತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಗೋಡೆಯ ಕಡೆ ತಿರುಗಿ ನಿಂತರು. ಅವರ ಕೋಟಿನ ಬೆನ್ನು ಅಲುಗಾಡುತ್ತಿತ್ತು. ತಿರುಗಿದಾಗ ಮುಖ ಮತ್ತೆ ಸಾಹೇಬರದೇ.

“ಹಂಗಾದ್ರ ಹದಿನೇಳರದು ಎಷ್ಟು?”

ನಾನು ಬಾಯಿ ತೆರೆದೆ.

“ಹೇಳಬ್ಯಾಡ,” ಎಂದರು. “ಬಂದ್ರ ಬರಿ, ಬರದಿದ್ರ ಬಿಡು. ಕುಂದರು. ಇನ್ನ ಯಾರರೆ ಸೀನಿದ್ರ ಹೊರಗ.”

ಲಗಮಣ್ಣನಿಗೆ ಪೇಪರು ತಿರುಗಿ ಬಂತು. ಅವನು ಕೂತವನೇ ಸರಸರ ಬರೆಯತೊಡಗಿದ. ನಾನು ಮಾತ್ರ ಹಾಗೆಯೇ ಕೂತಿದ್ದೆ. ತಲೆಯೊಳಗೆ ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು. ಇದನ್ನ ಮೊದಲ ಎತ್ತಬೇಕಾಗಿತ್ತಲೇ, ಈಗ ಕೈ ಸೋತಾವು, ಎಂದರು ಮೂಡಲಗಿಯ ಮಾಸ್ತರು. ವಿಚಾರ ಮಾಡಬ್ಯಾಡ, ಬಾಯಿಗೆ ಬಂದದ್ದ ಬರಿ, ಎಂದರು ಚೌಗಲಾ ಮಾಸ್ತರು. ಬಾಯಿಗೆ ಬಂದದ್ದು ಸೀನು, ಅದನ್ನು ಯಾವ ಅಂಕಿಯಲ್ಲಿ ಬರೆಯಲಿ? ಹದಿಮೂರು ಬರಿಯಪಾ, ತುಂಬಿದ ಅಂಕಿ ಚಂದ ಕಾಣತೈತಿ, ಎಂದ ಪರಸು ಕಾಕಾ. ಬರೆದೆ. ಐವತ್ತೊಂದನ್ನು ಹದಿಮೂರರಿಂದ ಭಾಗಿಸಿದೆ. ಪಟ್ಟಿ ಮೂರು ಬಂದು, ಮೇಲೆ ಒಂದು ಹರಕು ತುಂಡು ಉಳಿಯಿತು. ಚಂದ ಕಾಣಲಿಲ್ಲ. ಹೊಡೆದು ಹಾಕಿದೆ. ಎಲ್ಲಕ್ಕೂ ಹಿಂದೆ, ಏನೂ ಮಾತಾಡದೆ, ಅಪ್ಪ ವಸ್ತ್ರ ಹಿಡಿದುಕೊಂಡು ನಿಂತಿದ್ದರು.

ಯಾಕೋ ಎಲ್ಲರೂ ಒಮ್ಮೆ ಸುಮ್ಮನಾದರು. ದಣಿದಿರಬೇಕು. ಆ ಸುಮ್ಮನಿದ್ದ ಜಾಗದಲ್ಲಿ ಒಂದು ಸಣ್ಣ ಧ್ವನಿ ಕೇಳಿತು. ಯಾರದೆಂದು ಗುರುತು ಹತ್ತಲಿಲ್ಲ. ಸ್ವಲ್ಪ ಮೂಗಿನಲ್ಲಿ ಮಾತಾಡುವ, ಸ್ವಲ್ಪ ಅಂಜಿದ ಧ್ವನಿ. ಹದಿನೇಳರ ಅರ್ಧ ಎಷ್ಟಲೇ, ಎಂದು ಕೇಳಿತು. ಎಂಟೂವರೆ. ಆ ಅರ್ಧದ ಅರ್ಧ? ನಾಲ್ಕೂಕಾಲು. ಅರ್ಧ ಒಂದು, ಕಾಲು ಒಂದು, ಎರಡೂ ಕೂಡಿದರೆ ಮುಕ್ಕಾಲು ಅಲ್ಲೇನು? ಎಂಟೂವರೆ, ನಾಲ್ಕೂಕಾಲು. ಹನ್ನೆರಡೂಮುಕ್ಕಾಲು. ಹನ್ನೆರಡೂಮುಕ್ಕಾಲು ನಾಲ್ಕು ಸಲ ಇಟ್ಟೆ. ಐವತ್ತೊಂದು. ಪಟ್ಟಿ ನಾಲ್ಕು, ಹೆಚ್ಚಿಲ್ಲ ಕಡಿಮೆಯಿಲ್ಲ, ಕೋಣೆ ತುಂಬ ಜಮಖಾನ.

ಆ ಧ್ವನಿ ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಪರಿಚಯವಿರಲಿಲ್ಲ. ಪರಿಚಯವಿಲ್ಲದವನನ್ನು ನಂಬುವುದು ಹೇಗೆ? ಇಷ್ಟು ಸಸಾರವಾಗಿ ಬಂದದ್ದು ತಪ್ಪೇ ಇರಬೇಕು ಎಂದು, ಗಂಟೆ ಹೊಡೆಯುವವರೆಗೂ ನಾಲ್ಕನ್ನು ಹೊಡೆದು ಹಾಕುವುದೋ ಬಿಡುವುದೋ ಎಂದು ಲೇಖನಿ ಹಿಡಿದು ಕೂತಿದ್ದೆ. ಪೇಪರು ಕಸಿದುಕೊಂಡು ಹೋದರು, ನಾಲ್ಕು ಉಳಿಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಚೌಗಲಾ ಮಾಸ್ತರು ಕಾಯುತ್ತಿದ್ದರು. ಕೈಯಲ್ಲಿ ನಶ್ಯದ ಡಬ್ಬಿ. ಹುಡುಗರು ಓಡಿಹೋಗಿ ಎಲ್ಲವನ್ನೂ ಒಮ್ಮೆಲೇ ಒದರಿದರು: ಜಮಖಾನ, ಸೀನು, ಸಾಹೇಬರು, ಎಲ್ಲಾ ಈ ಬಾಳ್ಯಾನಿಂದ್ರಿ. ಮಾಸ್ತರರಿಗೆ ಏನೂ ತಿಳಿಯಲಿಲ್ಲ.

“ಹುಚ್ಚರಿದ್ದೀರಿ. ಹದಿನೇಳರ ಮುಕ್ಕಾಲು ಬರೂದಿಲ್ಲ ಅಂದ್ರ ಏನು? ದಿನಾ ಹೇಳತೇನಿ. ಹದಿನೇಳರ ಮುಕ್ಕಾಲು...”

ಅವರ ಕೈ ಮೂಗಿಗೆ ಹೋಯಿತು. ಅಲ್ಲೇ ನಿಂತಿತು. ಗಿಡದ ಕೆಳಗೆ ಯಾರೂ ನಗಲಿಲ್ಲ. ಅವರು ಎರಡನೆಯ ಸಲ ಪ್ರಯತ್ನ ಮಾಡಿದರು, ತುಟಿ ಮಾತ್ರ ಅಲುಗಿತು. ಎಷ್ಟು ಇಯತ್ತೆಗಳು ಅವರ ಕೈ ಕೆಳಗೆ ದಾಟಿಹೋಗಿದ್ದವೋ, ಆ ಒಂದು ಅಂಕಿಯನ್ನು ಅವರು ಬಾಯಿಬಿಟ್ಟು ಹೇಳಿರಲೇ ಇಲ್ಲ. ದೊಡ್ಡ ರುಮಾಲಿನ ಕೆಳಗೆ ಅವರ ಮುಖ ಸಾಲೆಗೆ ಹೊಸದಾಗಿ ಸೇರಿದ ಹುಡುಗನ ಹಾಗೆ ಕಂಡಿತು.

“ಲಗಮಣ್ಣ, ನೀ ಏನ ಬರದಿ?” ಎಂದರು ಮೆಲ್ಲಗೆ.

“ಹನ್ನೆರಡೂಮುಕ್ಕಾಲ್ರಿ. ಇಂವ ಹದಿನಾರರದು ಹನ್ನೆರಡು ಅಂದ, ಹದಿನೆಂಟರದು ಹದಿಮೂರೂವರಿ ಅಂದ. ನಟ್ಟನಡುವಿಂದು ನಾ ತಗೊಂಡೆ.”

ನಾನು ಹಣೆ ಬಡಿದುಕೊಂಡೆ. ಇಡೀ ಕೋಣೆಗೆ ಉತ್ತರದ ದಾರಿ ತೋರಿಸಿ, ನಾನೊಬ್ಬನೇ ಕಾಣದೆ ಕೂತಿದ್ದೆ.

“ಬಾಳಪ್ಪ, ನೀ?”

“ಅದ ಬಂತ್ರಿ. ಅರ್ಧಾ ಮಾಡಿ, ಅರ್ಧದ ಅರ್ಧಾ ಮಾಡಿ ಕೂಡಿಸಿದೆ. ಆದ್ರ ಖರೆ ಐತೋ ಇಲ್ಲೋ ತಿಳೀವಲ್ದು. ವಿಚಾರ ಮಾಡಿದೆ ನೋಡ್ರಿ, ನೀವು ಮಾಡಬ್ಯಾಡ ಅಂದಿದ್ರಿ.”

ಮಾಸ್ತರು ಡಬ್ಬಿಯ ಮುಚ್ಚಳ ತೆಗೆದರು, ಮುಚ್ಚಿದರು, ಅಂಗಿಯ ಕಿಸೆಯೊಳಗಿಟ್ಟರು. “ನಿಮಗ ಬೈಯಬೇಕೋ ನನಗ ನಾ ಬೈಕೋಬೇಕೋ, ನನಗೂ ತಿಳೀವಲ್ದು,” ಎಂದರು. ಆಮೇಲೆ, “ಬಾ, ಇಲ್ಲಿ ನಿಂದರು. ನನ್ನ ಧ್ವನ್ಯಾಗ ಹೇಳು. ಸೀನ ಬಿಟ್ಟು.”

ಹುಡುಗರು ಸುತ್ತ ನಿಂತರು. ನಾನು ಹೊಟ್ಟೆ ಮುಂದೆ ಮಾಡಲಿಲ್ಲ, ಛಡಿ ಬಡಿಯಲಿಲ್ಲ. ಧ್ವನಿ ಮಾತ್ರ ತಂದೆ. “ಹದಿನೇಳರ ಮುಕ್ಕಾಲು ಹನ್ನೆರಡೂಮುಕ್ಕಾಲು.”

“ಇನ್ನೊಮ್ಮೆ.”

ಹೇಳಿದೆ. ಅವರು ತಲೆ ಬಗ್ಗಿಸಿ, ತಮ್ಮದೇ ಧ್ವನಿಯನ್ನು ಯಾರೋ ದೊಡ್ಡವರು ಹೇಳಿದ ಪಾಠದ ಹಾಗೆ ಕೇಳಿಸಿಕೊಂಡು, ತುಟಿಯೊಳಗೇ ತಿರುಗಿ ಅಂದುಕೊಂಡರು. ಆ ದಿನ ಅವರು ನಶ್ಯ ಏರಿಸಿದ್ದನ್ನು ನಾನು ನೋಡಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಫಲಿತಾಂಶ ಬಂತು. ಲಗಮಣ್ಣ ಮೇಲೆ, ನಾನು ಹೇಗೋ ದಡ ಮುಟ್ಟಿದವರ ಸಾಲಿನಲ್ಲಿ. ಸಂತೆಗೆ ಹೋಗಿ ಅಪ್ಪನಿಗೆ ಹೇಳಿದೆ. ಸುತ್ತ ಎಮ್ಮೆಗಳು, ಜನ, ಕೆಸರು. ಅಪ್ಪ ಹೆಗಲಿಂದ ವಸ್ತ್ರ ತೆಗೆದರು, ಆದರೆ ಮಡಚಲಿಲ್ಲ. ಅದನ್ನು ನನ್ನ ಕೈಯ ಮೇಲೆ ಹಾಕಿ, ಅದರ ಕೆಳಗೆ ನನ್ನ ಬೆರಳುಗಳನ್ನು ಹಿಡಿದು ಒಮ್ಮೆ ಒತ್ತಿದರು, ತಡೆದು, ಮತ್ತೊಮ್ಮೆ ಒತ್ತಿದರು. ಅದು ಎಷ್ಟು ಎಂದು ನಾನು ಕೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

ಇದೆಲ್ಲ ಮೊನ್ನೆ ಆ ಅಂಗಳದಲ್ಲಿ ನೆನಪಾಗಿ ನಿಂತಿದ್ದೆ. ಬೇವಿನ ಗಿಡ ಅಲ್ಲೇ ಇತ್ತು. ಮಾರುತಿ ನನ್ನ ಹಾಗೆ ಮೂಗು ಮುಟ್ಟಿದ್ದನ್ನು ನೆನೆಸಿ, ಇವರ ಮಗ್ಗಿಯಲ್ಲೂ ಹದಿನೇಳಕ್ಕೆ ಸೀನು ಸೇರಿಕೊಂಡಿದೆಯೋ ಏನೋ ಎನಿಸಿತು. ಅವನನ್ನು ಕರೆದೆ.

“ಮಾರುತಿ, ನನ್ನ ಹಂಗ ಮಾಡತಿ ಅಲ್ಲ, ಮಾಡು. ಮುಕ್ಕಾಲಿನ ಮಗ್ಗಿ ಹೇಳಸು.”

“ಇಲ್ರಿ ಮಾಸ್ತರ, ನಾ ಏನೂ ಮಾಡಿಲ್ರಿ.”

“ಹೊಡ್ಯೂದಿಲ್ಲೋ ಮಾರಾಯಾ, ಹೇಳಸು. ಒಂದೂ ಬಿಡಬ್ಯಾಡ.”

ಅವನು ಒಂದು ಹೆಗಲು ಮೇಲೆ ಎತ್ತಿ, ಮೂಗಿನಲ್ಲಿ ಶುರು ಮಾಡಿದ. ನನ್ನ ಹೆಗಲು ಹಾಗಿದೆ ಎಂದು ನನಗೆ ತಿಳಿದದ್ದು ಆಗಲೇ. ಹುಡುಗರು ಅವನ ಹಿಂದೆ ರಾಗವಾಗಿ ಒದರುತ್ತ ಹೋದರು. ನಾನು ಕಣ್ಣು ಮುಚ್ಚಿ ಕೇಳಿದೆ. ಹದಿನೇಳು ಬಂತು. ಹನ್ನೆರಡೂಮುಕ್ಕಾಲು, ಎಲ್ಲಕ್ಕಿಂತ ಜೋರಾಗಿ, ಗುದ್ದಿದ ಹಾಗೆ. ಉಸಿರು ಬಿಟ್ಟೆ. ಹದಿನೆಂಟು ಹದಿಮೂರೂವರೆ.

“ಹತ್ತೊಂಬತ್ತರ ಮುಕ್ಕಾಲು,” ಎಂದ ಮಾರುತಿ, ಮತ್ತು ಅಷ್ಟೂ ಹುಡುಗರು ಒಂದೇ ಧ್ವನಿಯಲ್ಲಿ, ರಾಗ ತಪ್ಪದೆ, “ಏ, ಹಿಂದ ಯಾರಲೇ ಅದು ಮಾತಾಡಾವ್ರು. ಇಪ್ಪತ್ತರ ಮುಕ್ಕಾಲು ಹದಿನೈದು.”

ದಿನಾ ಹತ್ತೊಂಬತ್ತಕ್ಕೆ ಬರುವಾಗ ನಾನು ಗದರಿಸುವ ಮಾತು ಅದು. ನಾನು ಬಾಯಿ ತೆರೆದೆ, ಆ ಅಂಕಿ ಹೇಳಿಬಿಡೋಣವೆಂದು. ಬರಲಿಲ್ಲ. ಪರೀಕ್ಷೆಯ ಗಂಟೆ ಹೊಡೆಯುವ ಸಿಪಾಯಿ ಆಗಲೇ ಬಾಗಿಲಿಗೆ ಬಂದು ನಿಂತಿದ್ದ.

“ಸ್ವಲ್ಪ ತಡೀಪಾ,” ಎಂದೆ ಅವನಿಗೆ. ಹುಡುಗರ ಕಡೆ ತಿರುಗಿದೆ. “ಹತ್ತೊಂಬತ್ತರ ಅರ್ಧ ಎಷ್ಟರಲೇ?”

“ಒಂಬತ್ತೂವರಿರಿ.”

“ಅದರ ಅರ್ಧ?”

ಮಾರುತಿಯ ಹೆಗಲು ಇಳಿಯಿತು. ಅವನು ಬೇವಿನ ಟೊಂಗೆಗಳನ್ನು ನೋಡುತ್ತ ಬೆರಳು ಮಡಚತೊಡಗಿದ. ಉಳಿದವರೂ ಮಡಚಿದರು, ನಾನೂ ಮಡಚಿದೆ. ಸಿಪಾಯಿ ಗಂಟೆಯ ಕೋಲು ಎತ್ತಿ ಹಿಡಿದು ನಮ್ಮನ್ನು ನೋಡುತ್ತಿದ್ದ. ನಾಲ್ಕೂಮುಕ್ಕಾಲು ಎಂದು ಒಂದು ಧ್ವನಿ ಬಂತು, ಸಣ್ಣಗೆ, ಅಂಜಿಕೊಂಡು. ಯಾರದೆಂದು ಗೊತ್ತಾಗಲಿಲ್ಲ. ಮಾರುತಿಯದೇ ಇದ್ದರೂ ಇರಬಹುದು, ನಾನು ಅದನ್ನು ಮುಂಚೆ ಕೇಳಿರಲಿಲ್ಲ.